ಮೊದಲು ಇಳಿಯಲು ಕಲಿಸಿ, ಆಮೇಲೆ ಎತ್ತರ ಅಳೆಯಿರಿ

(ಕೊಡಗಿನ ದೈಹಿಕ ಶಿಕ್ಷಕರು ಮತ್ತು ತರಬೇತುದಾರರಿಗಾಗಿ ಮಡಿಕೇರಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಶಾಲೆಯ ಬೆಂಚೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ಎತ್ತರ 45 ಸೆಂಟಿಮೀಟರ್. ಅದರ ಮೇಲೆ 50 ಕಿಲೋ ತೂಕದ ಹುಡುಗನೊಬ್ಬ ನಿಂತಿದ್ದಾನೆ. ಒಂದು ಕಾಲು ಮುಂದಿಟ್ಟು ಕೆಳಗೆ ಇಳಿಯುತ್ತಾನೆ. ಪಾದ ನೆಲ ಮುಟ್ಟುವ ಹೊತ್ತಿಗೆ ಅವನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಅಲ್ಲಿಯವರೆಗೆ ನಡೆದದ್ದೆಲ್ಲ ಭೂಮಿಯ ಕೆಲಸ. ಹುಡುಗ ಎಷ್ಟೇ ಗಟ್ಟಿಗನಾಗಿರಲಿ, ಆ ವೇಗ ಬದಲಾಗುವುದಿಲ್ಲ. ಅವನ ಕೈಲಿರುವುದು ಒಂದೇ: ಆ ವೇಗವನ್ನು ಎಷ್ಟು ದೂರದೊಳಗೆ ಸೊನ್ನೆಗೆ ತರುತ್ತಾನೆ ಅನ್ನುವುದು.

ಇದಕ್ಕೊಂದು ಸುಲಭ ಲೆಕ್ಕವಿದೆ, ಬರೆದುಕೊಳ್ಳಿ. ಬಿದ್ದ ಎತ್ತರವನ್ನು, ಪಾದ ನೆಲಕ್ಕೆ ತಾಗಿದ ಮೇಲೆ ದೇಹ ಕುಸಿದ ದೂರದಿಂದ ಭಾಗಿಸಿ, ಒಂದು ಕೂಡಿಸಿ. ಬಂದ ಉತ್ತರವೇ ನೆಲ ಅವನ ಮೇಲೆ ಹಾಕುವ ಸರಾಸರಿ ಬಲ, ಅವನ ತೂಕದ ಎಷ್ಟು ಪಟ್ಟು ಎಂಬ ಲೆಕ್ಕದಲ್ಲಿ. ಮಂಡಿಯನ್ನು ಕೋಲಿನಂತೆ ನೆಟ್ಟಗಿಟ್ಟುಕೊಂಡು ಇಳಿದರೆ ದೇಹ ಕುಸಿಯುವುದು 5 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 45 ಭಾಗಿಸು 5, ಕೂಡಿಸು 1: ಹತ್ತು ಪಟ್ಟು. ಅದೇ ಹುಡುಗ 15 ಸೆಂಟಿಮೀಟರ್ ಕುಸಿದರೆ ನಾಲ್ಕು ಪಟ್ಟು. ಪೂರ್ತಿ 45 ಸೆಂಟಿಮೀಟರ್ ಕುಸಿದರೆ ಎರಡೇ ಪಟ್ಟು. ನಮ್ಮಲ್ಲಿ ಕಾಫಿಯ ದರ ಹೇಳುವುದು 50 ಕಿಲೋ ಚೀಲದ ಲೆಕ್ಕದಲ್ಲಿ ಅಲ್ಲವೇ? ಹಾಗಾದರೆ ಒಂದೇ ಬೆಂಚಿನಿಂದ ಒಂದು ರೀತಿಯಲ್ಲಿ ಇಳಿದವನ ಕಾಲಿನ ಮೇಲೆ ಹತ್ತು ಚೀಲ, ಇನ್ನೊಂದು ರೀತಿಯಲ್ಲಿ ಇಳಿದವನ ಮೇಲೆ ಎರಡು ಚೀಲ. ಇದೂ ಬರೀ ಸರಾಸರಿ. ಗಟ್ಟಿಯಾಗಿ ಇಳಿದಾಗ ಮೊದಲ ಕ್ಷಣದಲ್ಲೇ ಬಲ ಇದಕ್ಕಿಂತ ಮೇಲಕ್ಕೆ ಚಿಮ್ಮುತ್ತದೆ.

ಇವತ್ತು ನಾನು ಹೇಳಬೇಕಾದದ್ದರ ಮುಕ್ಕಾಲು ಪಾಲು ಈ ಭಾಗಾಕಾರದಲ್ಲೇ ಇದೆ. ನಾವು ಮಕ್ಕಳಿಗೆ ಎಷ್ಟು ಎತ್ತರ ಹಾರಿದೆ, ಎಷ್ಟು ದೂರ ಹಾರಿದೆ ಅಂತ ಕೇಳುತ್ತೇವೆ. ಹೇಗೆ ಇಳಿದೆ ಅಂತ ಕೇಳುವುದಿಲ್ಲ. ಜಿಗಿತದ ತರಬೇತಿಯಲ್ಲಿ ಮಂಡಿ, ಕಣಕಾಲು ಹಾಳಾಗುವುದು ಬಹುಪಾಲು ಇಳಿಯುವಾಗ, ಮೇಲೇಳುವಾಗ ಅಲ್ಲ.

ಹಾಗಾದರೆ ಆ ಕುಸಿತ ಎಲ್ಲಿಂದ ಬರಬೇಕು? ಮೂರು ಕೀಲುಗಳಿಂದ: ಕಣಕಾಲು, ಮಂಡಿ, ಸೊಂಟ. ಮೊದಲು ಪಾದದ ಮುಂಭಾಗ ನೆಲ ಮುಟ್ಟಬೇಕು, ಕೂಡಲೇ ಹಿಮ್ಮಡಿ ಮೆತ್ತಗೆ ಕೆಳಗಿಳಿಯಬೇಕು. ಆ ಅಷ್ಟರಲ್ಲಿ ಮೀನಖಂಡ ಮೊದಲ ಹೊಡೆತವನ್ನು ನುಂಗಿಕೊಳ್ಳುತ್ತದೆ. ಹಿಮ್ಮಡಿಯೇ ಮೊದಲು ತಾಗಿದರೆ ಮೀನಖಂಡಕ್ಕೆ ಕೆಲಸವೇ ಇಲ್ಲ, ಏಟು ನೇರ ಮೇಲಕ್ಕೆ ಹೋಗುತ್ತದೆ. ನೆಲ ಮುಟ್ಟುವಾಗ ಮಂಡಿ ಆಗಲೇ 20ರಿಂದ 30 ಡಿಗ್ರಿ ಮಡಚಿರಬೇಕು. ಮುಟ್ಟಿದ ಮೇಲೆ ಮಡಚಲು ಶುರುಮಾಡಿದರೆ ತಡವಾಯಿತು. ಸೊಂಟ ಹಿಂದಕ್ಕೆ ಹೋಗಬೇಕು, ಎದೆ ಸ್ವಲ್ಪ ಮುಂದಕ್ಕೆ ಬಾಗಬೇಕು. ಮಿಲಿಟರಿ ಕವಾಯತಿನ ಹಾಗೆ ಬೆನ್ನು ನೆಟ್ಟಗಿಟ್ಟು ಇಳಿಯುವುದನ್ನು ಕೆಲವರು ಚಂದದ ಭಂಗಿ ಅಂದುಕೊಳ್ಳುತ್ತಾರೆ. ಬೆನ್ನು ನೆಟ್ಟಗಿದ್ದರೆ ಪೃಷ್ಠದ ದೊಡ್ಡ ಸ್ನಾಯುಗಳು ಸುಮ್ಮನಿರುತ್ತವೆ, ಭಾರವೆಲ್ಲ ತೊಡೆಯ ಮುಂದಿನ ಸ್ನಾಯುವಿಗೆ, ಅಲ್ಲಿಂದ ಮಂಡಿಚಿಪ್ಪಿನ ಕೆಳಗಿನ ರಜ್ಜುವಿಗೆ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ನಾರಿಗೆ, ಬೀಳುತ್ತದೆ.

ಮುಂದಿನಿಂದ ನೋಡುವಾಗ ಗಮನಿಸಬೇಕಾದದ್ದು ಒಂದೇ ಗೆರೆ. ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೆ ಇದೆಯೇ, ಅಥವಾ ಎರಡೂ ಮಂಡಿ ಒಂದನ್ನೊಂದು ಮುಟ್ಟುವ ಹಾಗೆ ಒಳಕ್ಕೆ ವಾಲುತ್ತಿವೆಯೇ? ಸಡಿಲ ಟ್ರ್ಯಾಕ್ ಪ್ಯಾಂಟಿನಲ್ಲಿ ಇದು ಕಾಣುವುದಿಲ್ಲ. ಪ್ಯಾಂಟಿನ ಮೇಲೆಯೇ ಮಂಡಿಯ ಸುತ್ತ ಒಂದು ಬಟ್ಟೆಪಟ್ಟಿ ಕಟ್ಟಿಸಿ, ಸಾಕು. ಫೋನನ್ನು ಮಂಡಿಯ ಎತ್ತರಕ್ಕೆ, ಮೂರು ಮೀಟರ್ ದೂರದಲ್ಲಿ ಇಟ್ಟು ನಿಧಾನಗತಿಯಲ್ಲಿ ಚಿತ್ರೀಕರಿಸಿ. ಮುಂದಿನಿಂದ ಮೂರು ಸಲ, ಪಕ್ಕದಿಂದ ಮೂರು ಸಲ. ಕಣ್ಣಿಗೆ ಸರಿ ಕಂಡ ಇಳಿತ ಫೋನಿನಲ್ಲಿ ಬೇರೆಯೇ ಕಾಣುತ್ತದೆ.

ಒಳಕ್ಕೆ ವಾಲುವ ಮಂಡಿಯ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಎಸಿಎಲ್. ಮಂಡಿಯೊಳಗೆ ಅಡ್ಡಲಾಗಿ ಹಾದು, ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ಹಿಡಿದಿರುವ ಅಸ್ಥಿಬಂಧ ಅದು. ಅದು ಹರಿಯುವ ಪ್ರಕರಣಗಳಲ್ಲಿ ಹೆಚ್ಚಿನವು ಯಾರೂ ಡಿಕ್ಕಿ ಹೊಡೆಯದೆ, ಆಟಗಾರ ತಾನಾಗಿಯೇ ಇಳಿಯುವಾಗಲೋ ದಿಢೀರನೆ ತಿರುಗುವಾಗಲೋ ಆಗುತ್ತವೆ. ಮಂಡಿ ಹೆಚ್ಚುಕಡಿಮೆ ನೆಟ್ಟಗಿರುತ್ತದೆ, ಒಳಕ್ಕೆ ವಾಲುತ್ತದೆ, ಕೆಳಗಿನ ಮೂಳೆ ತಿರುಚಿಕೊಳ್ಳುತ್ತದೆ. ಪಂದ್ಯಗಳ ವಿಡಿಯೋಗಳನ್ನು ಚೌಕಟ್ಟು ಚೌಕಟ್ಟಾಗಿ ಪರಿಶೀಲಿಸಿದವರು ಕಂಡುಕೊಂಡ ಪ್ರಕಾರ, ಪಾದ ನೆಲ ಮುಟ್ಟಿದ ಸುಮಾರು 40 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಅದು ಮುಗಿದುಹೋಗಿರುತ್ತದೆ. ಕಣ್ಣು ರೆಪ್ಪೆ ಹೊಡೆಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ‘ಅಯ್ಯೋ, ಮಂಡಿ ವಾಲಿತು’ ಅಂತ ಮೆದುಳು ತಿಳಿದು, ಸ್ನಾಯುವಿಗೆ ಹೇಳಿ, ಸ್ನಾಯು ಎಳೆಯುವಷ್ಟು ಸಮಯ ಅಲ್ಲಿಲ್ಲ. ಅಂದರೆ ಸರಿಯಾದ ಇಳಿತ ಗಾಳಿಯಲ್ಲಿರುವಾಗಲೇ ಸಿದ್ಧವಾಗಿರಬೇಕು, ಅಭ್ಯಾಸದಿಂದ ಬಂದಿರಬೇಕು. ಬದಿಯಲ್ಲಿ ನಿಂತು ‘ಮಂಡಿ, ಮಂಡಿ!’ ಎಂದು ಕೂಗುವುದರಿಂದ ಏನೂ ಆಗದು.

ಹೆಣ್ಣುಮಕ್ಕಳಲ್ಲಿ ಈ ಗಾಯದ ಸಾಧ್ಯತೆ ಅದೇ ಆಟ ಆಡುವ ಹುಡುಗರಿಗಿಂತ ಎರಡು ಪಟ್ಟು, ಮೂರು ಪಟ್ಟು, ಕೆಲವು ಆಟಗಳಲ್ಲಿ ಇನ್ನೂ ಹೆಚ್ಚು. 12-14ರ ವಯಸ್ಸಿನಲ್ಲಿ ಕಾಲು ಉದ್ದವಾಗುತ್ತದೆ, ತೂಕ ಏರುತ್ತದೆ, ಆದರೆ ಸ್ನಾಯುವಿನ ಬಲ ಅದೇ ವೇಗದಲ್ಲಿ ಏರುವುದಿಲ್ಲ. ಅದೇ ವಯಸ್ಸಿಗೆ ನಾವು ಅವರನ್ನು ತಾಲ್ಲೂಕು ಮಟ್ಟದ ಥ್ರೋಬಾಲ್, ವಾಲಿಬಾಲ್ ತಂಡಕ್ಕೆ ಸೇರಿಸುತ್ತೇವೆ. ಸಮಾಧಾನದ ಮಾತೆಂದರೆ ಇದು ತಡೆಯಬಹುದಾದ ಗಾಯ. ವಾರಕ್ಕೆ ಎರಡು ಮೂರು ದಿನ, ಬಿಸಿಯಾಗುವ ವ್ಯಾಯಾಮದ ಜೊತೆಗೇ 15-20 ನಿಮಿಷ ಇಳಿತ, ಸಮತೋಲ ಮತ್ತು ಬಲದ ಅಭ್ಯಾಸ ಮಾಡಿಸಿದ ಕಡೆಗಳಲ್ಲಿ ಹುಡುಗಿಯರ ಎಸಿಎಲ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಆದರೆ ಋತು ಪೂರ್ತಿ ಮಾಡಬೇಕು. ಜೂನ್‌ನಲ್ಲಿ ಶುರುಮಾಡಿ ಪಂದ್ಯ ಬಂದಾಗ ‘ಈಗ ಟೈಮಿಲ್ಲ’ ಅಂತ ಬಿಟ್ಟರೆ ಅದರ ಫಲ ಉಳಿಯುವುದಿಲ್ಲ.

ಇಲ್ಲಿ ಹಾಕಿ ತರಬೇತುದಾರರು ಬಹಳ ಜನ ಇದ್ದೀರಿ. ನಮ್ಮ ಆಟದಲ್ಲಿ ಜಿಗಿತವೆಲ್ಲಿದೆ ಅಂತ ನಿಮಗೆ ಅನ್ನಿಸಿರಬಹುದು. ಓಟದ ಒಂದೊಂದು ಹೆಜ್ಜೆಯೂ ಒಂದು ಕಾಲಿನ ಸಣ್ಣ ಇಳಿತವೇ. ತೂಕದ ಎರಡರಿಂದ ಮೂರು ಪಟ್ಟು ಬಲ ಪ್ರತಿ ಹೆಜ್ಜೆಗೂ ಬೀಳುತ್ತದೆ. ಪೂರ್ತಿ ವೇಗದಲ್ಲಿ ಓಡುತ್ತಿದ್ದ ಫಾರ್ವರ್ಡ್ ಚೆಂಡನ್ನು ಎಳೆದು ನಿಲ್ಲಿಸಿ ಎಡಕ್ಕೆ ತಿರುಗುವಾಗ ಅದೇ ಭಾಗಾಕಾರ ಅಡ್ಡ ದಿಕ್ಕಿನಲ್ಲಿ ನಡೆಯುತ್ತದೆ. ಒಂದೇ ಹೆಜ್ಜೆಯಲ್ಲಿ ನಿಂತರೆ ಹತ್ತು ಚೀಲ, ಮೂರು ಸಣ್ಣ ಹೆಜ್ಜೆಗಳಲ್ಲಿ ಸೊಂಟ ಇಳಿಸುತ್ತಾ ನಿಂತರೆ ಭಾರ ಹಂಚಿಹೋಗುತ್ತದೆ. ಟೆನಿಸ್‌ನಲ್ಲೂ ಹಾಗೆಯೇ. ನಮ್ಮ ರೋಹನ್ ಬೋಪಣ್ಣ 2024ರಲ್ಲಿ, 43ರ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದರಲ್ಲ, ಅವರ ಸರ್ವ್ ನೋಡುವಾಗ ಚೆಂಡಿನ ಹಿಂದೆ ಹೋಗಬೇಡಿ, ಪಾದ ನೋಡಿ. ಬಲಗೈ ಆಟಗಾರ ಪ್ರತಿ ಸರ್ವ್‌ಗೂ ಅಂಗಳದೊಳಗೆ ಎಡಗಾಲೊಂದರ ಮೇಲೆ ಇಳಿಯುತ್ತಾನೆ. ಒಂದು ಪಂದ್ಯದಲ್ಲಿ ಹತ್ತಾರು ಸಲ, ಒಂದೇ ಕಾಲಿನ ಮೇಲೆ.

ಮಾತು ಹಾಕಿಗೆ ಬಂದದ್ದರಿಂದ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಶಾಲಾ ಹುಡುಗನೂ ಅವನ ಅಜ್ಜನೂ ಒಂದೇ ತಂಡದಲ್ಲಿ ಆಡುತ್ತಾರೆ. ಅದರ ಸೊಗಸೇ ಅದು. ಆದರೆ ವರ್ಷವಿಡೀ ತೋಟದ ಕೆಲಸದಲ್ಲೋ ಬೆಂಗಳೂರಿನ ಕಚೇರಿಯಲ್ಲೋ ಇದ್ದು, ಬೇಸಿಗೆಯ ಗಟ್ಟಿ ನೆಲದ ಮೇಲೆ ದಿಢೀರನೆ ಓಡಿದರೆ ಮೊದಲು ಸೋಲುವುದು ಹಿಮ್ಮಡಿಯ ರಜ್ಜು. ಸ್ನಾಯು ಕೆಲವೇ ವಾರಗಳಲ್ಲಿ ಬಲವಾಗುತ್ತದೆ, ರಜ್ಜುವಿಗೆ ತಿಂಗಳುಗಳು ಬೇಕು. ನಿಮ್ಮ ಕುಟುಂಬದ ತಂಡಕ್ಕೆ ನೀವೇ ತರಬೇತುದಾರರಾಗಿದ್ದರೆ ಎಂಟು ಹತ್ತು ವಾರ ಮೊದಲೇ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವ ಕೆಲಸ ಶುರುಮಾಡಿಸಿ. ಒಂದೊಂದು ಕಾಲಿಗೆ 15ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಇಳಿಸುವಾಗ ಮೂರು ಎಣಿಸುವಷ್ಟು ನಿಧಾನ.

ಮಳೆಗಾಲದ ಕೆಸರುಗದ್ದೆ ಆಟಗಳ ಬಗ್ಗೆಯೂ ಕೇಳುತ್ತೀರಿ. ಕೆಸರು ತಾನೇ ಕುಸಿಯುವುದರಿಂದ ನಿಲ್ಲುವ ದೂರ ಹೆಚ್ಚುತ್ತದೆ, ಮೇಲಿಂದ ಬೀಳುವ ಹೊಡೆತ ಕಡಿಮೆ. ಅಪಾಯ ಬೇರೆ ಕಡೆ ಇದೆ. ಪಾದ ಹೂತುಕೊಂಡಿರುತ್ತದೆ, ದೇಹ ತಿರುಗುತ್ತದೆ, ತಿರುಚುವ ಬಲ ಪೂರ್ತಿ ಮಂಡಿಗೆ ಹೋಗುತ್ತದೆ. ಆದ್ದರಿಂದ ಗದ್ದೆಯಲ್ಲಿ ನೇರ ಓಟ ಇರಲಿ, ಹಗ್ಗಜಗ್ಗಾಟ ಇರಲಿ. ತಿರುಗಿ ಓಡುವ ಆಟ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಈಗ ಮೇಲೇಳುವ ಕಡೆಗೆ ಬರೋಣ. ಗೋಡೆಯ ಪಕ್ಕ ನಿಲ್ಲಿಸಿ, ಬೆರಳಿಗೆ ಸೀಮೆಸುಣ್ಣ ಹಚ್ಚಿ, ನಿಂತಲ್ಲಿಂದ ಎಷ್ಟು ಮೇಲೆ ಮುಟ್ಟುತ್ತಾರೆ ಅಂತ ಮೊದಲು ಗುರುತು ಮಾಡಿ. ಆಮೇಲೆ ಮೂರು ಬಗೆಯ ಜಿಗಿತ. ಮೊದಲನೆಯದು, ಮಂಡಿ ಮಡಚಿ ಮೂರು ಸೆಕೆಂಡ್ ಅಲ್ಲಾಡದೆ ಕುಳಿತು ಅಲ್ಲಿಂದಲೇ ಹಾರುವುದು. ಎರಡನೆಯದು, ನಿಂತಲ್ಲಿಂದ ಸರ್ರನೆ ಕುಸಿದು ಹಾರುವುದು. ಇವೆರಡರಲ್ಲೂ ಒಂದು ಕೈ ಸೊಂಟದ ಮೇಲೆ, ಗೋಡೆಯ ಕಡೆಯ ಕೈ ಮೊದಲೇ ಮೇಲೆತ್ತಿರಬೇಕು. ಮೂರನೆಯದು, ಎರಡೂ ಕೈ ಬೀಸಿ ಹಾರುವುದು. ಎರಡನೆಯದು ಮೊದಲನೆಯದಕ್ಕಿಂತ ಕೆಲವು ಸೆಂಟಿಮೀಟರ್ ಹೆಚ್ಚಿರುತ್ತದೆ, ಮೂರನೆಯದು ಇನ್ನೂ ಹೆಚ್ಚು. ಯಾಕೆಂದರೆ ಸ್ನಾಯುವಿಗೆ ಪೂರ್ತಿ ಬಲ ಕಟ್ಟಿಕೊಳ್ಳಲು ಹೊತ್ತು ಬೇಕು. ಕುಸಿಯುವ ದೇಹವನ್ನು ತಡೆಯುವಾಗಲೇ ಆ ಬಲ ಕಟ್ಟಿರುತ್ತದೆ, ಆದ್ದರಿಂದ ಮೇಲೇಳುವ ಮೊದಲ ಇಂಚಿನಿಂದಲೇ ಅದು ದುಡಿಯುತ್ತದೆ. ರಜ್ಜು ಹಿಗ್ಗಿ ಮರಳುವ ಪಾಲೂ ಸೇರುತ್ತದೆ. ಕುಸಿದು ಅಲ್ಲೇ ಅರೆಕ್ಷಣ ನಿಂತರೆ ಆ ಲಾಭವೆಲ್ಲ ಸೋರಿಹೋಗುತ್ತದೆ. ಒಂದನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸವೇ ಇಲ್ಲದ ಹುಡುಗನಿಗೆ ವೇಗವಾಗಿ ಕುಸಿದು ಏಳುವುದನ್ನು ಕಲಿಸಬೇಕು. ಎರಡೂ ಕಡಿಮೆ ಇರುವವನಿಗೆ ಜಿಗಿತ ಬೇಡ, ಮೊದಲು ಬೈಠಕ್, ಒಂದು ಕಾಲು ಮುಂದಿಟ್ಟು ಕುಸಿಯುವ ವ್ಯಾಯಾಮ, ಮರಳಿನ ಚೀಲ ಹೊತ್ತು ಮೆಟ್ಟಿಲು ಹತ್ತುವುದು. ಬಲವಿಲ್ಲದ ಕಾಲಿಗೆ ಎಷ್ಟು ಜಿಗಿಸಿದರೂ ಅದೇ ಜಿಗಿತ ಸಿಗುತ್ತದೆ.

ಗೋಡೆ ಇಲ್ಲದಿದ್ದರೆ ಫೋನಿನಲ್ಲೇ ಅಳೆಯಬಹುದು. ಸೆಕೆಂಡಿಗೆ 240 ಚೌಕಟ್ಟಿನ ವಿಡಿಯೋದಲ್ಲಿ ಪಾದ ನೆಲ ಬಿಟ್ಟ ಚೌಕಟ್ಟಿನಿಂದ ಮತ್ತೆ ಮುಟ್ಟಿದ ಚೌಕಟ್ಟಿನವರೆಗೆ ಎಣಿಸಿ. 120 ಬಂದರೆ ಅರ್ಧ ಸೆಕೆಂಡ್, ಅಂದರೆ 30 ಸೆಂಟಿಮೀಟರಿಗಿಂತ ತುಸು ಹೆಚ್ಚು. 144 ಬಂದರೆ 0.6 ಸೆಕೆಂಡ್, 44 ಸೆಂಟಿಮೀಟರ್. ಹುಡುಗರು ಇಲ್ಲೊಂದು ಉಪಾಯ ಬೇಗ ಕಲಿಯುತ್ತಾರೆ: ಗಾಳಿಯಲ್ಲೇ ಮಂಡಿ ಮಡಚಿಕೊಂಡು ತಡವಾಗಿ ನೆಲ ಮುಟ್ಟುವುದು. ಅಂಕಿ ಏರುತ್ತದೆ, ಜಿಗಿತ ಏರುವುದಿಲ್ಲ. ಈ ಅಳತೆಯ ಜಿಗಿತದಲ್ಲಿ ಮಾತ್ರ ಕಾಲು ಚಾಚಿಕೊಂಡೇ ನೆಲ ಮುಟ್ಟಿ, ಮುಟ್ಟುತ್ತಿದ್ದಂತೆ ಮಡಚಬೇಕು ಅಂತ ಮೊದಲೇ ಹೇಳಿ.

ಉದ್ದ ಜಿಗಿತದಲ್ಲಿ ‘45 ಡಿಗ್ರಿಯಲ್ಲಿ ಹಾರು’ ಅನ್ನುವ ಮಾತು ಇನ್ನೂ ಕೇಳಿಬರುತ್ತದೆ. ಭೌತವಿಜ್ಞಾನದ ಪಾಠದಿಂದ ಬಂದದ್ದು, ಆದರೆ ಇಲ್ಲಿಗೆ ಹೊಂದುವುದಿಲ್ಲ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡಿಬಂದ ಹುಡುಗ ಅದೇ ವೇಗ ಉಳಿಸಿಕೊಂಡು 45 ಡಿಗ್ರಿಯಲ್ಲಿ ಏಳಬೇಕಾದರೆ ಮೇಲಕ್ಕೂ 8 ಮೀಟರ್ ವೇಗ ಬೇಕು. ಅಷ್ಟಾದರೆ ಅವನ ದೇಹ ಮೂರು ಮೀಟರಿಗೂ ಹೆಚ್ಚು ಮೇಲೇರಬೇಕು! ಯಾವ ಮನುಷ್ಯನಿಗೂ ಆಗದ ಕೆಲಸ. ಮೇಲಕ್ಕೆ 3 ಮೀಟರ್ ವೇಗ ಸಿಕ್ಕರೆ ದೊಡ್ಡದು. ಆಗ ಕೋನ ಸುಮಾರು 20 ಡಿಗ್ರಿ. ಅಂತರರಾಷ್ಟ್ರೀಯ ಮಟ್ಟದವರೂ 18ರಿಂದ 22ರ ಆಸುಪಾಸಿನಲ್ಲೇ ಏಳುತ್ತಾರೆ. ಹಲಗೆಯ ಮೇಲೆ ಪಾದ ಇರುವುದು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಮೇಲ್ಮುಖ ವೇಗ ಸಿಗಬೇಕಾದರೆ ಅದರ ಹಿಂದಿನ ಹೆಜ್ಜೆಯಲ್ಲೇ ಸಿದ್ಧತೆ ಆಗಿರಬೇಕು. ಕೊನೆಗೆ ಮುಂಚಿನ ಹೆಜ್ಜೆ ಉದ್ದ, ಸೊಂಟ ತುಸು ಕೆಳಗೆ. ಕೊನೆಯ ಹೆಜ್ಜೆ ಗಿಡ್ಡ, ಪಾದ ಚಪ್ಪಟೆ. 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 6.70 ಮೀಟರ್ ಹಾರಿ ಕಂಚು ಗೆದ್ದ ಅಂಜು ಬಾಬಿ ಜಾರ್ಜ್ ಅವರ ವಿಡಿಯೋ ಸಿಕ್ಕರೆ ಮಕ್ಕಳಿಗೆ ತೋರಿಸಿ, ಗಾಳಿಯಲ್ಲಿರುವ ಭಾಗವಲ್ಲ, ಆ ಕೊನೆಯ ಎರಡು ಹೆಜ್ಜೆ.

ಎತ್ತರ ಜಿಗಿತದ ಚರಿತ್ರೆಯಲ್ಲಿ ನಮ್ಮ ವಿಷಯಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗಾಗಿ 2.24 ಮೀಟರ್ ದಾಟಿ ಚಿನ್ನ ಗೆದ್ದ. ಆ ಶೈಲಿ ಅದಕ್ಕೂ ಹಿಂದೆ ಬೇರೂರದಿರಲು ಒಂದು ದೊಡ್ಡ ಕಾರಣ ಇಳಿಯುವ ಜಾಗ. ಮರಳು, ಮರದ ಹೊಟ್ಟಿನ ಗುಂಡಿಗೆ ಯಾರು ಕತ್ತು ಕೆಳಗಾಗಿ ಬೀಳುತ್ತಾರೆ? ದಪ್ಪ ಫೋಮ್ ಹಾಸಿಗೆ ಬಂತು, ಜಿಗಿತವೇ ಬದಲಾಯಿತು. ನಿಮ್ಮ ಶಾಲೆಯಲ್ಲಿ ಆ ಹಾಸಿಗೆ ಇಲ್ಲವಾದರೆ ಮರಳಿನ ಗುಂಡಿಯಲ್ಲಿ ಕತ್ತರಿ ಜಿಗಿತ ಮಾತ್ರ, ಕಾಲಿನ ಮೇಲೇ ಇಳಿಯಬೇಕು. ಫೋನಿನಲ್ಲಿ ನೋಡಿ ಬೆನ್ನು ಹಾಕಿ ಹಾರಲು ಹೊರಟ ಹುಡುಗನನ್ನು ಆ ಕ್ಷಣವೇ ತಡೆಯಿರಿ.

ಈಗ ಒಂದು ಗೊಂದಲ ಬಿಡಿಸಬೇಕು. ಇಷ್ಟು ಹೊತ್ತು ಮೆತ್ತಗೆ ಇಳಿ, ಕುಸಿ ಅಂದೆ. ಆದರೆ ಇಳಿದ ಕೂಡಲೇ ಮತ್ತೆ ಚಿಮ್ಮಬೇಕಾದಾಗ, ಉದಾಹರಣೆಗೆ ಸಾಲು ಹರ್ಡಲ್‌ಗಳ ಮೇಲೆ ಪುಟಿಯುವಾಗ, ಅಷ್ಟು ಕುಸಿದರೆ ಚಿಮ್ಮಲಾಗದು. ಅಲ್ಲಿ ಕಣಕಾಲು ಬಿಗಿ, ಕುಸಿತ ಗಿಡ್ಡ, ಪಾದ ನೆಲದಲ್ಲಿರುವುದು ಕಾಲು ಸೆಕೆಂಡಿಗಿಂತ ಕಡಿಮೆ. 240ರ ವಿಡಿಯೋದಲ್ಲಿ 60 ಚೌಕಟ್ಟಿನೊಳಗೆ. ಇವು ಎರಡು ಬೇರೆ ಕೌಶಲ. ಒಂದು ನಿಲ್ಲುವ ಇಳಿತ, ಒಂದು ಪುಟಿಯುವ ಇಳಿತ. ಎರಡನೆಯದರಲ್ಲಿ ಬಲ ಹೆಚ್ಚು ಬೀಳುತ್ತದೆ, ಬೇಕೆಂದೇ ಬೀಳಿಸಿಕೊಳ್ಳುತ್ತೇವೆ. ಅದಕ್ಕೇ ಮೊದಲನೆಯದು ಗಟ್ಟಿಯಾಗದೆ ಎರಡನೆಯದಕ್ಕೆ ಹೋಗಬಾರದು. ಪೆಟ್ಟಿಗೆಯಿಂದ ಇಳಿದು ಪುಟಿಯುವಾಗ ಪೆಟ್ಟಿಗೆಯ ಎತ್ತರ ಎಷ್ಟಿರಬೇಕು ಅಂತ ಕೇಳುತ್ತೀರಿ. 20, 30, 40 ಸೆಂಟಿಮೀಟರ್ ಮೂರರಲ್ಲೂ ಹಾರಿಸಿ. ಪುಟಿದ ಎತ್ತರವನ್ನು ಮೀಟರಿನಲ್ಲಿ ಬರೆದು, ನೆಲದಲ್ಲಿದ್ದ ಸೆಕೆಂಡಿನಿಂದ ಭಾಗಿಸಿ. 0.30 ಮೀಟರ್, 0.20 ಸೆಕೆಂಡ್ ಆದರೆ 1.5. ಯಾವ ಎತ್ತರದಲ್ಲಿ ಈ ಅಂಕಿ ಅತಿ ಹೆಚ್ಚೋ ಅದೇ ಅವನ ಪೆಟ್ಟಿಗೆ. ಅದಕ್ಕಿಂತ ಎತ್ತರಕ್ಕೆ ಏರಿಸಿದರೆ ಹಿಮ್ಮಡಿ ಪಟ್ ಎಂದು ನೆಲಕ್ಕೆ ಬಡಿಯುತ್ತದೆ, ಆ ಸದ್ದೇ ನಿಮಗೆ ಸೂಚನೆ.

ಕಲಿಸುವ ಕ್ರಮ ಹೀಗೆ. ಮೊದಲ ವಾರ ಜಿಗಿತವೇ ಇಲ್ಲ. ಕಾಲ್ಬೆರಳ ಮೇಲೆ ನಿಂತು ಕೈ ಮೇಲೆತ್ತಿ, ಒಮ್ಮೆಲೇ ಕೈ ಕೆಳಗೆ ಬೀಸಿ ಇಳಿತದ ಭಂಗಿಗೆ ಕುಸಿದು ಎರಡು ಸೆಕೆಂಡ್ ಕಲ್ಲಿನಂತೆ ನಿಲ್ಲಬೇಕು. ಐದರಂತೆ ಮೂರು ಸುತ್ತು. ಇದು ಸ್ಥಿರವಾದ ಮೇಲೆ 15-20 ಸೆಂಟಿಮೀಟರ್ ಮೆಟ್ಟಿಲಿನಿಂದ ಇಳಿದು ನಿಲ್ಲುವುದು. ಆಮೇಲೆ ನಿಂತಲ್ಲೇ ಹಾರಿ ನಿಲ್ಲುವುದು, ಅರ್ಧ ಮೀಟರ್ ಮುಂದಕ್ಕೆ ಹಾರಿ ನಿಲ್ಲುವುದು, ಗಾಳಿಯಲ್ಲಿ ಕಾಲು ಭಾಗ ಸುತ್ತು (90 ಡಿಗ್ರಿ) ತಿರುಗಿ ನಿಲ್ಲುವುದು. ನಾಲ್ಕನೇ ವಾರದ ಹೊತ್ತಿಗೆ ಎರಡು ಕಾಲಿನಿಂದ ಎದ್ದು ಒಂದು ಕಾಲಿನ ಮೇಲೆ. ಪುಟಿಯುವುದು ಅದರ ನಂತರ. ಪಾದ ಜರುಗಿದರೆ, ಕೈ ನೆಲ ಮುಟ್ಟಿದರೆ, ಮಂಡಿ ವಾಲಿದರೆ ಆ ಇಳಿತ ಲೆಕ್ಕಕ್ಕಿಲ್ಲ, ಹಿಂದಿನ ಹಂತಕ್ಕೆ ಹೋಗಬೇಕು. ಸೂಚನೆ ಒಂದೇ ಇರಲಿ: ‘ಸದ್ದಾಗದಂತೆ ಇಳಿ.’ ಮಂಡಿ ಇಷ್ಟು ಮಡಚು, ಸೊಂಟ ಅಷ್ಟು ಹಿಂದೆ ಅಂತ ನಾಲ್ಕು ಮಾತು ಹೇಳಿದರೆ ಮಗು ಗಾಳಿಯಲ್ಲೇ ಯೋಚಿಸುತ್ತಾ ಕೂರುತ್ತದೆ. ಸದ್ದು ಕಡಿಮೆ ಮಾಡಲು ಹೊರಟ ದೇಹ ತಾನಾಗಿಯೇ ಮಡಚಿಕೊಳ್ಳುತ್ತದೆ.

ಸದ್ದು ಕಡಿಮೆಯಾದರೂ ಮಂಡಿ ವಾಲುತ್ತಲೇ ಇದ್ದರೆ ಕಣಕಾಲು ಪರೀಕ್ಷಿಸಿ. ಗೋಡೆಯಿಂದ ಹೆಬ್ಬೆರಳನ್ನು 10 ಸೆಂಟಿಮೀಟರ್ ದೂರ ಇಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ಮುಟ್ಟಿಸಲು ಹೇಳಿ. ಆಗದಿದ್ದರೆ, ಅಥವಾ ಎರಡು ಕಾಲಿಗೂ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತೊಂದರೆ ಅಲ್ಲಿಂದ ಶುರುವಾಗಿರಬಹುದು. ಕಣಕಾಲು ಮಡಚದಿದ್ದರೆ ಮಂಡಿ ಒಳಗಿನಿಂದ ದಾರಿ ಹುಡುಕುತ್ತದೆ. ಹಳೆಯ ಉಳುಕು ಸರಿಯಾಗಿ ವಾಸಿಯಾಗದ ಮಕ್ಕಳಲ್ಲಿ ಇದನ್ನು ಹೆಚ್ಚು ಕಾಣುತ್ತೀರಿ.

ಪ್ರಮಾಣ: ಪಾದ ನೆಲ ಮುಟ್ಟಿದ ಲೆಕ್ಕ ಇಡಿ. ಶಾಲಾ ಮಕ್ಕಳಿಗೆ ಒಂದು ಅವಧಿಗೆ 40-60ರಿಂದ ಶುರುಮಾಡಿ, ತಿಂಗಳುಗಳ ಮೇಲೆ 80-100ಕ್ಕೆ ಏರಿಸಿ. ವಾರಕ್ಕೆ ಎರಡು ಸಲ, ನಡುವೆ 48 ಗಂಟೆ ಬಿಡುವು. ದಣಿದ ಮೇಲೆ ಜಿಗಿಸುವುದು ಬೇಡ, ಅಭ್ಯಾಸದ ಆರಂಭದಲ್ಲೇ ಮಾಡಿಸಿ.

ನಮ್ಮ ನೆಲದ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ನಮ್ಮ ಕೈಲಿರುವುದಿಲ್ಲ, ಶಾಲಾ ಕ್ರೀಡಾಕೂಟಗಳು ಅದೇ ಹೊತ್ತಿಗೆ ಬರುತ್ತವೆ. ಖಾಲಿ ಬಿದ್ದ ಕಾಫಿ ಕಣ ಕಂಡರೆ ಆಸೆಯಾಗುತ್ತದೆ, ಆದರೆ ಮಳೆಯಲ್ಲಿ ಅದರ ಮೇಲೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಸಭಾಂಗಣದ ರೆಡ್ ಆಕ್ಸೈಡ್ ನೆಲಕ್ಕೆ ಒದ್ದೆ ಶೂ ಬಂದರೂ ಅಷ್ಟೇ. ಒಣ ಜಗಲಿ ಸಿಕ್ಕರೆ ಭಂಗಿ, ಮೆಟ್ಟಿಲು ಇಳಿತ, ಬಲದ ವ್ಯಾಯಾಮ ಎಲ್ಲ ಅಲ್ಲೇ ಆಗುತ್ತದೆ. ಗಟ್ಟಿ ನೆಲದಲ್ಲಿ ಪುಟಿಯುವ ಸಂಖ್ಯೆ ಅರ್ಧಕ್ಕೆ ಇಳಿಸಿ. ಇಳಿಜಾರು ಮೈದಾನವಾದರೆ ಮೇಲ್ಮುಖವಾಗಿಯೇ ಹಾರಿಸಿ. ಕೆಳಮುಖವಾಗಿ ಹಾರಿದರೆ ಬೀಳುವ ಎತ್ತರ ನಿಮಗೆ ಗೊತ್ತಾಗದೆ ಹೆಚ್ಚಿರುತ್ತದೆ.

ಉದ್ದ ಜಿಗಿತದ ಗುಂಡಿಯನ್ನು ದಯವಿಟ್ಟು ಪ್ರತಿ ಸಲ ಅಗೆಯಿರಿ. ಮಳೆ ಬಿದ್ದು ಒಣಗಿದ ಮರಳು ಮೇಲೆ ಮೆತ್ತಗೆ ಕಂಡರೂ ಎರಡು ಇಂಚಿನ ಕೆಳಗೆ ಗಾರೆಯಂತೆ ಕಟ್ಟಿರುತ್ತದೆ. ಗುದ್ದಲಿಯಿಂದ ಒಂದು ಅಡಿ ಆಳಕ್ಕೆ ತಿರುವಿ, ಕಲ್ಲು ಬೇರು ಆರಿಸಿ, ಅಂಚಿನ ಮಟ್ಟಕ್ಕೆ ಸಮ ಮಾಡಿ. ಗುಂಡಿಯ ಮಟ್ಟ ಓಟದ ಹಾದಿಗಿಂತ ತಗ್ಗಿದ್ದರೆ ಮಗು ನಿರೀಕ್ಷಿಸಿದ್ದಕ್ಕಿಂತ ಕೊಂಚ ತಡವಾಗಿ ನೆಲ ಸಿಗುತ್ತದೆ, ಕಾಲಿನ ಸಿದ್ಧತೆ ತಪ್ಪುತ್ತದೆ. ಮರದ ಹಲಗೆ ಒದ್ದೆಯಾಗಿದ್ದರೆ ಗೋಣಿಯಿಂದ ಒರೆಸದೆ ಯಾರನ್ನೂ ಓಡಿಸಬೇಡಿ.

ಸಭೆಯಿಂದ ಒಂದು ಪ್ರಶ್ನೆ ಬಂತು: 11-14ರ ಮಕ್ಕಳು ಮಂಡಿಚಿಪ್ಪಿನ ಕೆಳಗಿನ ಗಂಟು ನೋಯುತ್ತದೆ ಅಂದರೆ ಏನು ಮಾಡಬೇಕು? ಆ ವಯಸ್ಸಿನಲ್ಲಿ ರಜ್ಜು ಅಂಟಿಕೊಂಡಿರುವ ಜಾಗದ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಪದೇ ಪದೇ ಎಳೆದರೆ ಅದು ಉಬ್ಬಿ ನೋಯುತ್ತದೆ. ಹಿಮ್ಮಡಿಯ ಹಿಂಭಾಗದಲ್ಲೂ ಇದೇ ರೀತಿ ಆಗುತ್ತದೆ. ಇದು ಸೋಮಾರಿತನದ ನೆಪ ಅಲ್ಲ, ಹಾಗೆಂದು ತಿಂಗಳುಗಟ್ಟಲೆ ಮಲಗಿಸುವ ರೋಗವೂ ಅಲ್ಲ. ಜಿಗಿತದ ಸಂಖ್ಯೆ ಕಡಿಮೆ ಮಾಡಿ, ಪುಟಿಯುವುದನ್ನು ನಿಲ್ಲಿಸಿ, ನೋಯದ ಮಟ್ಟದಲ್ಲಿ ಬಲದ ವ್ಯಾಯಾಮ ಮುಂದುವರಿಸಿ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ನೋವು ಮೂರರ ಒಳಗಿದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಅಷ್ಟು ಕೆಲಸ ಆ ಮಗುವಿಗೆ ಸರಿಹೋಗಿದೆ. ರಾತ್ರಿ ನೋವಿನಿಂದ ಎಚ್ಚರವಾದರೆ, ಮಂಡಿ ಊದಿಕೊಂಡರೆ, ಮಡಚುವಾಗ ಸಿಕ್ಕಿಹಾಕಿಕೊಂಡರೆ, ಅಥವಾ ಇಳಿದಾಗ ‘ಟಪ್’ ಎಂದ ಸದ್ದು ಕೇಳಿದ ಮೇಲೆ ಊದಿದರೆ ಅದು ಈ ನೋವಲ್ಲ. ಅವತ್ತೇ ಆಟ ನಿಲ್ಲಿಸಿ, ನಡೆಸಿ ನೋಡುವ ಪರೀಕ್ಷೆಯನ್ನೂ ಮಾಡದೆ, ಮೂಳೆ ತಜ್ಞರ ಹತ್ತಿರ ಕಳಿಸಿ.